ಪ್ರಾಯಕ್ಕೆ ಬಂದ ಮಕ್ಕಳೊಂದಿಗೆ ನಮಗೇಕೆ ಜಗಳ?

ಹತ್ತನೇ ತರಗತಿ ಮುಟ್ಟಿದ ಮಕ್ಕಳಿರುವ ಮನೆಗಳಲ್ಲಿ ಹೆತ್ತವರ ದೂರು ಹೆಚ್ಚುಕಡಿಮೆ ಒಂದೇ. ಹೇಳಿದ ಮಾತು ಕೇಳುವುದಿಲ್ಲ, ಮೊಬೈಲ್ ಕೆಳಗಿಡುವುದಿಲ್ಲ, ಸುಬ್‌ಹಿಗೆ ಏಳುವುದಿಲ್ಲ, ಒಂದು ಮಾತಿಗೆ ನಾಲ್ಕು ಎದುರುತ್ತರ. ಮಕ್ಕಳನ್ನು ಕೇಳಿದರೆ ಅವರಲ್ಲೂ ಒಂದು ದೂರಿದೆ: ಮನೆಯಲ್ಲಿ ನಮ್ಮ ಮಾತನ್ನು ಯಾರೂ ಕೇಳುವುದಿಲ್ಲ. ಕಾಲ ಕೆಟ್ಟಿತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಈ ಜಗಳ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಅಬ್ದುಲ್ಲಾ ಬಿನ್ ಉಮರ್(ರ) ತಮ್ಮದೇ ಒಂದು ಅನುಭವವನ್ನು ಹೇಳಿದ್ದು ಹದೀಸ್ ಗ್ರಂಥಗಳಲ್ಲಿದೆ. ಉಹುದ್ ಯುದ್ಧದ ವೇಳೆ ಅವರಿಗೆ 14 ವರ್ಷ. ಪ್ರವಾದಿವರ್ಯರು(ಸ) ಅವರನ್ನು ಸೇನೆಗೆ ಸೇರಿಸಿಕೊಳ್ಳಲಿಲ್ಲ. ಖಂದಕ್‌ನ ವೇಳೆ 15 ವರ್ಷ. ಆಗ ಅನುಮತಿ ಸಿಕ್ಕಿತು. ಎಷ್ಟೋ ವರ್ಷಗಳ ನಂತರ ಉಮರ್ ಬಿನ್ ಅಬ್ದುಲ್ ಅಝೀಝ್ ಈ ವೃತ್ತಾಂತವನ್ನು ಕೇಳಿ, ಮಗುವಿಗೂ ಪ್ರೌಢನಿಗೂ ನಡುವಿನ ಗಡಿ ಇದೇ ಎಂದು ತಮ್ಮ ಅಧಿಕಾರಿಗಳಿಗೆ ಬರೆದರು. ಆ ಗಡಿ ದಾಟಿದವನಿಗೆ ಹೊಣೆಯ ಜೊತೆಗೆ ದೊಡ್ಡವರ ಸಾಲಿನಲ್ಲಿ ಜಾಗವೂ ಸಿಗುತ್ತಿತ್ತು.

ನಮ್ಮ ಅಜ್ಜಂದಿರ ಕಾಲದವರೆಗೂ ಹೆಚ್ಚುಕಡಿಮೆ ಹೀಗೇ ಇತ್ತು. ಹನ್ನೆರಡು ಹದಿಮೂರಕ್ಕೆ ಹುಡುಗ ಅಂಗಡಿಯಲ್ಲೋ ಮೀನಿನ ದಕ್ಕೆಯಲ್ಲೋ ದುಡಿಯುತ್ತಿದ್ದ. ಹುಡುಗಿಗೆ ಹದಿನೈದರೊಳಗೆ ಮದುವೆಯಾಗುತ್ತಿತ್ತು. ಆ ಕಾಲವನ್ನು ಹೊಗಳಲು ನಾವು ಇದನ್ನು ಹೇಳುತ್ತಿಲ್ಲ. ಓದಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳ ಬಾಳು ಅಡುಗೆಮನೆಯ ಹೊಗೆಯಲ್ಲೇ ಕಳೆದುಹೋಯಿತು. ಇಂದು ದೇಹವು ಹಿಂದಿಗಿಂತ ತುಸು ಬೇಗನೆ ಪ್ರಾಯಕ್ಕೆ ಬರುತ್ತದೆ. ಆದರೆ ಎಸೆಸೆಲ್ಸಿ, ಪಿಯುಸಿ, ಪದವಿ, ಕೆಲಸ ಎಂದು ಸ್ವಂತ ಕಾಲ ಮೇಲೆ ನಿಲ್ಲುವಾಗ 24-25 ದಾಟಿರುತ್ತದೆ. ನಡುವೆ ಹತ್ತು ವರ್ಷಗಳ ಅಂತರ. ಜಗಳವೆಲ್ಲ ಈ ಅಂತರದೊಳಗೇ ನಡೆಯುತ್ತದೆ.

ಈ ಹತ್ತು ವರ್ಷಗಳಲ್ಲಿ ನಾವು ಮಕ್ಕಳೊಂದಿಗೆ ಎರಡು ನಾಲಿಗೆಯಲ್ಲಿ ಮಾತಾಡುತ್ತೇವೆ. ನಮಾಝಿನ ವಿಷಯ ಬಂದಾಗ, “ಪ್ರಾಯಕ್ಕೆ ಬಂದಿದ್ದೀ, ನೀನೇನು ಇನ್ನೂ ಮಗುವೇ?” ಪಿಯುಸಿಯಲ್ಲಿ ವಿಜ್ಞಾನವೋ ವಾಣಿಜ್ಯವೋ ಎಂಬ ಮಾತು ಬಂದಾಗ, “ನಿನಗೇನು ಗೊತ್ತು, ನೀನಿನ್ನೂ ಮಗು.” ಹೊಣೆ ದೊಡ್ಡವರದ್ದು, ಅಧಿಕಾರ ಚಿಕ್ಕವರದ್ದು. ಹದಿನಾರರ ಮಗನಿಗೆ ಈ ಲೆಕ್ಕ ತಾಳೆಯಾಗುವುದಿಲ್ಲ. ಎದುರುತ್ತರ ಹುಟ್ಟುವುದು ಅಲ್ಲಿಂದ.

ಸುಬ್‌ಹಿಯ ವಿಷಯವನ್ನೇ ತೆಗೆದುಕೊಳ್ಳಿ. ಪ್ರಾಯಕ್ಕೆ ಬರುವಾಗ ದೇಹದ ಗಡಿಯಾರವೇ ಸ್ವಲ್ಪ ತಡವಾಗುತ್ತದೆ. ನಿದ್ದೆಗೆ ಕಾರಣವಾಗುವ ಮೆಲಟೋನಿನ್ ಎಂಬ ಹಾರ್ಮೋನು ಚಿಕ್ಕ ಮಕ್ಕಳಿಗಿಂತ ಇವರಲ್ಲಿ ರಾತ್ರಿ ತಡವಾಗಿ ಏರುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಟ್ಯೂಶನ್ ಮುಗಿಸಿ ಒಂಬತ್ತಕ್ಕೆ ಮನೆಗೆ ಬಂದು, ಉಂಡು, ಓದಿ ಹನ್ನೆರಡಕ್ಕೆ ಮಲಗಿದ ಹುಡುಗ ಐದಕ್ಕೆ ಏಳದಿದ್ದರೆ ನಾವು ಅದನ್ನು ಈಮಾನಿನ ಕೊರತೆ ಎನ್ನುತ್ತೇವೆ. ಸುಬ್‌ಹಿ ಕಡ್ಡಾಯ, ಅದರಲ್ಲಿ ಮಾತಿಲ್ಲ. ಆದರೆ ಇಶಾ ಆದ ಮೇಲೆ ಹರಟೆ ಹೊಡೆಯುತ್ತ ಕೂರುವುದನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ ಎಂಬುದೂ ಹದೀಸೇ. ನಮ್ಮ ಎಷ್ಟು ಮನೆಗಳಲ್ಲಿ ಹತ್ತಕ್ಕೆ ದೀಪ ಆರುತ್ತದೆ? ಹನ್ನೊಂದೂವರೆಗೆ ಕುಟುಂಬದ ವಾಟ್ಸಪ್ ಗ್ರೂಪಿಗೆ ನೀತಿಬೋಧೆ ಫಾರ್ವರ್ಡ್ ಮಾಡುವವರು ದೊಡ್ಡವರೇ.

ಹಾಗೆಂದು ಮಕ್ಕಳು ಮಾಡುವುದೆಲ್ಲ ಸರಿಯೆಂದಲ್ಲ. ಮೆದುಳಿನಲ್ಲಿ ಆಸೆ, ಆವೇಶಗಳ ಭಾಗ ಬೇಗ ಚುರುಕಾಗುತ್ತದೆ. ಮುಂದಾಲೋಚನೆಯ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಬೇಕು. ಗೆಳೆಯರು ನೋಡುತ್ತಿದ್ದರಂತೂ ಹುಡುಗರು ಹೆಚ್ಚು ಅಪಾಯಕ್ಕೆ ಕೈ ಹಾಕುತ್ತಾರೆ. ಬೈಕಿನ ಕೀ ಕೊಡದಿರಲು ಇಷ್ಟೇ ಕಾರಣ ಸಾಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಎಂದೂ ಕಾನೂನಿನಲ್ಲಿದೆ.

ಕರಾವಳಿಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ತಂದೆ ಗಲ್ಫಿನಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಹೋಗುವಾಗ ಹನ್ನೆರಡರ ಹುಡುಗ ವಿಮಾನ ನಿಲ್ದಾಣದಲ್ಲಿ ಕೈಹಿಡಿದು ಅತ್ತಿದ್ದ. ಬರುವಾಗ ಮೀಸೆ ಚಿಗುರಿದವನು ಸಲಾಂ ಹೇಳಿ ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆಯುತ್ತಾನೆ. ತಂದೆಯ ಮನಸ್ಸಿನಲ್ಲಿ ಇನ್ನೂ ಆ ಹನ್ನೆರಡರ ಹುಡುಗನೇ. ಈ ನಡುವೆ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದವನು, ಕರೆಂಟ್ ಬಿಲ್ ಕಟ್ಟಿದವನು, ಉಮ್ಮಾಗೆ ಬ್ಯಾಂಕಿನ ಕೆಲಸ ಮಾಡಿಕೊಟ್ಟವನು ಇದೇ ಮಗ. ರಜೆಗೆ ಬಂದ ತಂದೆ ಎರಡೇ ತಿಂಗಳಲ್ಲಿ ಎರಡು ವರ್ಷಗಳ ಶಿಸ್ತನ್ನು ಕಲಿಸಲು ಹೊರಟಾಗ ಮಗನಿಗೆ ತನ್ನ ಜಾಗವನ್ನು ಕಿತ್ತುಕೊಂಡಂತಾಗುತ್ತದೆ. ತಂದೆಗೂ ನೋವಿದೆ. ಯಾರಿಗಾಗಿ ಆ ಬಿಸಿಲಲ್ಲಿ ದುಡಿದೆನೋ ಅವನೇ ಎದುರು ಕೂತು ಮಾತಾಡುವುದಿಲ್ಲವಲ್ಲ ಎಂದು. ನಡುವೆ ಸಿಕ್ಕಿದ ತಾಯಿ ಇಬ್ಬರ ಮಾತನ್ನೂ ಇಬ್ಬರಿಗೆ ಮೆತ್ತಗೆ ಮಾಡಿ ತಲುಪಿಸುವುದರಲ್ಲೇ ಸುಸ್ತು.

ಅನಾಥರ ಸೊತ್ತಿನ ಬಗ್ಗೆ ಸೂರಃ ಅನ್ನಿಸಾದಲ್ಲಿ ಹೇಳಲಾದ ವಿಧಿಯನ್ನು ಹೆತ್ತವರು ಈ ಕಣ್ಣಿನಿಂದ ಒಮ್ಮೆ ಓದಬೇಕು. ಪ್ರಾಯಕ್ಕೆ ಬರುವುದು ಮತ್ತು ವಿವೇಕ ಬರುವುದು ಅಲ್ಲಿ ಬೇರೆಬೇರೆ. ಪ್ರಾಯ ತಾನಾಗಿಯೇ ಬರುತ್ತದೆ. ವಿವೇಕವನ್ನು ಪೋಷಕರು ಪರೀಕ್ಷಿಸಿ ಕಂಡುಕೊಳ್ಳಬೇಕು, ಕಂಡಾಗ ಸೊತ್ತನ್ನು ಒಪ್ಪಿಸಬೇಕು. ಪರೀಕ್ಷಿಸುವುದು ಹೇಗೆ? ಸ್ವಲ್ಪ ಹಣ ಕೊಟ್ಟು ವ್ಯಾಪಾರವನ್ನೋ ಮನೆಖರ್ಚನ್ನೋ ಅವರ ಕೈಗೆ ಬಿಟ್ಟು ನೋಡುವುದು ಎಂದು ವಿದ್ವಾಂಸರು ವಿವರಿಸಿದ್ದಾರೆ. ವಿವೇಕ ಕಾಣದಿದ್ದರೂ 25 ವರ್ಷವಾದ ಮೇಲೆ ಸೊತ್ತನ್ನು ತಡೆಹಿಡಿಯುವಂತಿಲ್ಲ ಎಂಬುದು ಇಮಾಮ್ ಅಬೂಹನೀಫ(ರ)ರ ಅಭಿಪ್ರಾಯ. (ಮೆದುಳಿನ 25ಕ್ಕೂ ಇದಕ್ಕೂ ಗಂಟುಹಾಕಿ ಪವಾಡವೆಂದು ಸಾರುವ ಅಗತ್ಯವೇನಿಲ್ಲ. ಮಕ್ಕಳನ್ನು ಹತ್ತಿರದಿಂದ ನೋಡಿದವರ ಅಂದಾಜು ಅದು.)

ನಮ್ಮ ಮನೆಗಳಲ್ಲಿ ಇಲ್ಲವಾಗಿರುವುದು ಈ ಪರೀಕ್ಷೆಯೇ. ಪರೀಕ್ಷೆ ಎಂದರೆ ನಮಗೆ ನೀಟ್, ಸಿಇಟಿ ಮಾತ್ರ. ಒಂದು ತಿಂಗಳ ದಿನಸಿಯ ಹಣವನ್ನು ಮಗನ ಕೈಗೆ ಕೊಟ್ಟು ಲೆಕ್ಕ ಕೇಳಬಹುದು. ಇನ್ನೂರು ರೂಪಾಯಿ ಹೆಚ್ಚುಕಡಿಮೆಯಾದರೆ ಆಗಲಿ, ಕಳ್ಳನನ್ನು ಹಿಡಿದವರಂತೆ ವಿಚಾರಿಸದಿದ್ದರೆ ಸರಿ. ಕಾಲೇಜು ಆರಿಸುವಾಗ ಅವನ ಮಾತನ್ನು ಮೊದಲು ಕೇಳಬಹುದು. ಇಬ್ರಾಹೀಮರು(ಅ) ಅಲ್ಲಾಹನ ಆಜ್ಞೆಯ ವಿಷಯದಲ್ಲೂ ಮಗನ ಅಭಿಪ್ರಾಯ ಕೇಳಿದ್ದನ್ನು ಪ್ರತಿ ಬಕ್ರೀದಿಗೆ ಖುತ್ಬಾದಲ್ಲಿ ಕೇಳುತ್ತಲೇ ಇರುತ್ತೇವೆ.

ಮಗಳ ವಿಷಯದಲ್ಲಂತೂ ಈ ಪರೀಕ್ಷೆ ಶುರುವೇ ಆಗಿಲ್ಲ. ಸೂರಃ ಅನ್ನಿಸಾದ ಆ ವಿಧಿ ಗಂಡುಮಕ್ಕಳಿಗೆ ಮಾತ್ರ ಎಂದು ಎಲ್ಲೂ ಹೇಳಿಲ್ಲ. ಅಣ್ಣ ರಾತ್ರಿ ಹತ್ತಕ್ಕೆ ಬಂದರೆ ಊಟ ಬಡಿಸುತ್ತೇವೆ, ತಂಗಿಯ ಮೊಬೈಲನ್ನು ದಿನಕ್ಕೆರಡು ಸಲ ತೆರೆದು ನೋಡುತ್ತೇವೆ. ಪಿಯುಸಿಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ತಂದರೂ ಮುಂದೆ ಓದುವುದೋ ಬೇಡವೋ ಎಂಬುದು ಅವಳಿಲ್ಲದ ಕೋಣೆಯಲ್ಲಿ ತೀರ್ಮಾನವಾಗುತ್ತದೆ. ಅವಳು ಎದುರುತ್ತರ ಕೊಡದೆ ಸುಮ್ಮನಿದ್ದರೆ ಒಳ್ಳೆಯ ಮಗಳು ಎನ್ನುತ್ತೇವೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಹದಿನೇಳರ ಮಗಳಿಗೆ ತನ್ನ ವಿದ್ಯಾರ್ಥಿವೇತನ ಬಂದು ಬೀಳುವ ಪಾಸ್‌ಬುಕ್ ಯಾವ ಕಪಾಟಿನಲ್ಲಿದೆ ಎಂದೂ ಗೊತ್ತಿರುವುದಿಲ್ಲ.