ದಂಡಿನ ಬೆಂಗಳೂರು ಮತ್ತು ಹರಿಣಿ ನಾಗೇಂದ್ರರ ಪತ್ತೇದಾರಿ ಕಾದಂಬರಿಗಳು

ಪತ್ತೇದಾರಿ ಕಾದಂಬರಿಯೆಂದೊಡನೆ ಹುಬ್ಬು ಗಂಟಿಕ್ಕುವುದು ಅಧ್ಯಾಪಕ ವರ್ಗದ ಹಳೆಯ ಅಭ್ಯಾಸ. ಈ ಲೇಖಕನೂ ಅದಕ್ಕೆ ಹೊರತಾದವನಲ್ಲ. ಬಹಳ ವರ್ಷಗಳ ಹಿಂದೆ ಬೀಜಗಣಿತದ ಪುಸ್ತಕದ ನಡುವೆ ಅಂತಹದೊಂದು ಕಾದಂಬರಿಯನ್ನು ಅಡಗಿಸಿಕೊಂಡು ಓದುತ್ತಿದ್ದ ಹುಡುಗನ ಕೈಯಿಂದ ಅದನ್ನು ಕಸಿದುಕೊಂಡು, ಇಡೀ ತರಗತಿಯ ಎದುರಿಗೆ ಅವನಿಗೆ ಬುದ್ಧಿ ಹೇಳಿದ್ದುಂಟು. ಅದೇ ರಾತ್ರಿ ಆ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿ ಮುಗಿಸಿದ್ದೂ ಉಂಟು. ಮರುದಿನ ಅದನ್ನು ಹಿಂದಿರುಗಿಸುವಾಗ ಹುಡುಗ ಏನನ್ನೂ ಕೇಳಲಿಲ್ಲ. ಆದರೆ ಕೊಲೆಗಾರನು ಯಾರೆಂದು ಮೇಷ್ಟರಿಗೂ ತಿಳಿದುಹೋಯಿತೆಂಬ ಅನುಮಾನ ಅವನ ಮುಖದಲ್ಲಿ ಸ್ಪಷ್ಟವಾಗಿತ್ತು.

ಕನ್ನಡದಲ್ಲಿ ಈ ಬಗೆಯ ಬರವಣಿಗೆಗೆ ಓದುಗರ ಕೊರತೆ ಎಂದೂ ಇರಲಿಲ್ಲ. ಎನ್. ನರಸಿಂಹಯ್ಯನವರು ಒಬ್ಬರೇ ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಕೇಳದ ಮನೆ ಒಂದು ಕಾಲಕ್ಕೆ ವಿರಳವಾಗಿತ್ತು. ಕನ್ನಡ ಬಾವುಟದ ಕರ್ತೃ ಮ. ರಾಮಮೂರ್ತಿಯವರು ಸಹ ಪತ್ತೇದಾರಿ ಕಾದಂಬರಿಕಾರರೆಂಬುದನ್ನು ಬಾವುಟ ಹಾರಿಸುವವರಲ್ಲಿ ಅನೇಕರು ಮರೆತಿದ್ದಾರೆ. ಟಿ. ಕೆ. ರಾಮರಾಯರು ಅಪರಾಧದ ಕಥೆಗೆ ಸಂಸಾರದ ಹದವನ್ನು ಬೆರೆಸಿದರು. ಈ ಮಹನೀಯರಿಗೆ ಸಾವಿರಾರು ಜನರನ್ನು ಓದಿನತ್ತ ಎಳೆದ ಕೀರ್ತಿ ಸಲ್ಲಬೇಕು. ವಿಮರ್ಶಕರು ಮಾತ್ರ ಅದನ್ನು ಮನಸ್ಸು ಬಿಚ್ಚಿ ಸಲ್ಲಿಸಿದಂತೆ ಕಾಣೆ.

ಈ ಹಿನ್ನೆಲೆಯಲ್ಲಿ, ನಮ್ಮ ಬೆಂಗಳೂರಿನ ದಂಡು ಪ್ರದೇಶವನ್ನೂ ಅದರ ಆಸುಪಾಸನ್ನೂ ರಂಗಸ್ಥಳವನ್ನಾಗಿ ಮಾಡಿಕೊಂಡು, ಬೆಂಗಳೂರಿನವರೇ ಆದ ವಿದುಷಿಯೊಬ್ಬರು ಇಂಗ್ಲಿಷಿನಲ್ಲಿ ರಚಿಸುತ್ತಿರುವ ಪತ್ತೇದಾರಿ ಕಾದಂಬರಿಗಳ ಮಾಲೆಯೊಂದನ್ನು ವಾಚಕರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಅವರು ಹರಿಣಿ ನಾಗೇಂದ್ರ.

ಇವರ ಕಾದಂಬರಿಗಳ ಜಾತಿಯನ್ನು ಇಂಗ್ಲಿಷಿನಲ್ಲಿ 'ಕೋಜಿ ಮಿಸ್ಟರಿ' ಎನ್ನುತ್ತಾರೆ. ಮಳೆಯ ಸಂಜೆ ಕಂಬಳಿ ಹೊದ್ದು, ಬಿಸಿ ಕಾಫಿಯ ಲೋಟ ಹಿಡಿದು ಕುಳಿತಾಗಿನ ಬೆಚ್ಚನೆಯ ನೆಮ್ಮದಿ ಆ ಪದದಲ್ಲಿದೆ. ಕೊಲೆಯೇನೋ ನಡೆಯುತ್ತದೆ, ಆದರೆ ರಕ್ತದ ವರ್ಣನೆಯಿಂದ ಓದುಗನನ್ನು ಬೆಚ್ಚಿಬೀಳಿಸುವುದಿಲ್ಲ. ಅಪರಾಧವನ್ನು ಬಯಲಿಗೆಳೆಯುವವನು ಪೋಲೀಸು ಅಧಿಕಾರಿಯಾಗಿರದೆ ನೆರೆಮನೆಯ ಸಾಧಾರಣ ವ್ಯಕ್ತಿಯಾಗಿರುತ್ತಾನೆ, ಬಹುಮಟ್ಟಿಗೆ ಹೆಂಗಸಾಗಿರುತ್ತಾಳೆ. ಊರಿನ ಹರಟೆ, ಅಡಿಗೆಮನೆಯ ಮಾತು, ಆಳುಕಾಳುಗಳ ಗುಸುಗುಸು ಇವೇ ಆಕೆಯ ಆಯುಧಗಳು. ಇಂಗ್ಲೆಂಡಿನ ಅಗಾಥಾ ಕ್ರಿಸ್ಟಿಯವರು 1930ರ ಕಾದಂಬರಿಯೊಂದರಲ್ಲಿ ಮಿಸ್ ಮಾರ್ಪಲ್ ಎಂಬ ವೃದ್ಧೆಯನ್ನು ಹೆಣಿಗೆಯ ಕಡ್ಡಿಗಳೊಂದಿಗೆ ಕೂರಿಸಿ ಈ ಮಾದರಿಗೆ ಒಂದು ರೂಪ ಕೊಟ್ಟರು. ಅದೇ ಕ್ರಿಸ್ಟಿಯವರ ಮೊದಲ ಕಾದಂಬರಿ ಅಮೆರಿಕದಲ್ಲಿ 1920ರಲ್ಲಿಯೂ ಇಂಗ್ಲೆಂಡಿನಲ್ಲಿ 1921ರಲ್ಲಿಯೂ ಪ್ರಕಟವಾಯಿತು. ಹರಿಣಿಯವರ ಮೊದಲ ಕಾದಂಬರಿಯ ಕಥೆ ನಡೆಯುವುದೂ 1921ರಲ್ಲಿಯೇ.

ಲೇಖಕಿಯ ವೃತ್ತಿ ಕಥಾರಚನೆಯಲ್ಲ. ಅವರು ಪರಿಸರ ವಿಜ್ಞಾನಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದು, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ನಗರದ ಕೆರೆ, ಮರ, ಗುಂಡುತೋಪುಗಳ ಚರಿತ್ರೆ ಅವರ ಅಧ್ಯಯನದ ವಿಷಯ. ಬೆಂಗಳೂರಿನ ನಿಸರ್ಗದ ಭೂತ, ವರ್ತಮಾನ, ಭವಿಷ್ಯಗಳನ್ನು ಕುರಿತ ಅವರ ಗ್ರಂಥ 2016ರಲ್ಲಿ ಪ್ರಕಟವಾಯಿತು. 2019ರಲ್ಲಿ ಸಹೋದ್ಯೋಗಿ ಸೀಮಾ ಮುಂಡೋಳಿಯವರೊಡನೆ ಭಾರತದ ನಗರಗಳ ಮರಗಳನ್ನು ಕುರಿತು ಇನ್ನೊಂದು ಪುಸ್ತಕವನ್ನು ಬರೆದರು. ಹಳೆಯ ಕಡತಗಳ ಶೋಧನೆಯಲ್ಲಿ ಮುಳುಗಿದ್ದ 2007ರ ಸುಮಾರಿನಲ್ಲಿ ಕಾವೇರಿ ಎಂಬ ತರುಣಿ ಅವರ ಮನಸ್ಸಿನೊಳಕ್ಕೆ ನಡೆದುಬಂದು, ತನ್ನ ಕಥೆಯನ್ನು ಬರೆಯೆಂದು ಪಟ್ಟುಹಿಡಿದಳಂತೆ. ಪುಸ್ತಕ ಹೊರಬಂದುದು 2022ರಲ್ಲಿ. ಅಧ್ಯಾಪನ, ಸಂಶೋಧನೆ, ಸಂಸಾರಗಳ ನಡುವೆ ಹದಿನೈದು ವರ್ಷಗಳ ಕಾಲ ಒಂದು ಪಾತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಕಿದ ತಾಳ್ಮೆಯನ್ನು, ಒಂದು ಲೇಖನ ಮುಗಿಸಲು ಮೂರು ಬೇಸಗೆ ರಜೆಗಳನ್ನು ಕಳೆಯುವ ನನ್ನಂಥವರು ಗೌರವದಿಂದಲೇ ನೋಡಬೇಕು.

ವಿಜ್ಞಾನಿಯ ಕೆಲಸಕ್ಕೂ ಪತ್ತೇದಾರನ ಕೆಲಸಕ್ಕೂ ಇರುವ ನಂಟನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಂಪಂಗಿ ಕೆರೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಪೇಟೆಗೂ ದಂಡಿಗೂ ನೀರುಣಿಸುತ್ತಿದ್ದ ಆ ಕೆರೆ ಇಂದು ಕಂಠೀರವ ಕ್ರೀಡಾಂಗಣವಾಗಿದೆ. ಕರಗದ ವಿಧಿಗಳಿಗೆಂದು ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಕೆರೆಯನ್ನು ಕೊಂದವರು ಯಾರು? ಹರಿಣಿಯವರೂ ಅವರ ಸಂಗಡಿಗ ಸಂಶೋಧಕರೂ ಹತ್ತೊಂಬತ್ತನೆಯ ಶತಮಾನದ ಅರ್ಜಿ, ಆಜ್ಞೆ, ನಕಾಶೆಗಳನ್ನು ಕೂಡಿಸಿ ನೋಡಿದಾಗ ಕಂಡದ್ದು ಒಬ್ಬ ಅಪರಾಧಿಯಲ್ಲ. ನೀರು ಬೇಕೆನ್ನುವ ತೋಟಗಾರರು, ಮಣ್ಣು ಬೇಕೆನ್ನುವ ಇಟ್ಟಿಗೆಯವರು, ಪೋಲೋ ಆಡಲು ಒಣನೆಲ ಬೇಕೆನ್ನುವ ದೊರೆಗಳು, ಹೀಗೆ ಹಲವರ ಹಿತಾಸಕ್ತಿಗಳ ನಡುವೆ ಕೆರೆ ಮೆಲ್ಲನೆ ಬತ್ತಿತು. ಸಾಕ್ಷಿಗಳೆಲ್ಲ ತೀರಿಹೋದ ಮೇಲೆ ಕಾಗದದಿಂದಲೇ ಘಟನೆಯನ್ನು ಮರುಕಟ್ಟುವ ಈ ಅಭ್ಯಾಸವುಳ್ಳವರು ಪತ್ತೇದಾರಿ ಕಥೆಗೆ ಕೈಹಾಕಿದುದು ಆಶ್ಚರ್ಯವೇನಲ್ಲ.

ಅಂತಹವರು ಯಾವುದು ಇತ್ತೆಂಬುದರಷ್ಟೇ ಯಾವುದು ಇರಲಿಲ್ಲವೆಂಬುದನ್ನೂ ಬಲ್ಲರು. 1921ರ ಶಿವಾಜಿನಗರಕ್ಕೆ ಆ ಹೆಸರೇ ಇರಲಿಲ್ಲ, ಅದು ಬ್ಲ್ಯಾಕ್‌ಪಲ್ಲಿ. ರಸೆಲ್ ಮಾರ್ಕೆಟ್ಟಿನ ಕಟ್ಟಡ ಎದ್ದುದು 1927ರಲ್ಲಿ. ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಪ್ರಾರಂಭವಾದುದು 1940ರಲ್ಲಿ. ಇಂದಿರಾನಗರವೆಂದು ನಾವು ಕರೆಯುವ ಬಡಾವಣೆಯ ನೆಲ ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿಗಳ ಹೊಲತೋಟಗಳಾಗಿತ್ತು. ಹಲಸೂರು ಮಾತ್ರ ತನ್ನ ಕೆರೆಯೊಡನೆ, ಸೋಮೇಶ್ವರ ದೇವಾಲಯದೊಡನೆ, ದಂಡಿಗಿಂತ ಎಷ್ಟೋ ಹಿರಿಯದಾಗಿ ಅಲ್ಲಿಯೇ ಇತ್ತು. ಅಂದಿನ ಬೀದಿಯಲ್ಲಿ ಯಾವ ಮರ ನೆರಳು ಕೊಡುತ್ತಿತ್ತು, ಯಾವ ಹೂ ಯಾವ ತಿಂಗಳಲ್ಲಿ ಅರಳುತ್ತಿತ್ತು ಎಂಬುದರಲ್ಲಿ ಸಸ್ಯಗಳನ್ನು ಬಲ್ಲ ಲೇಖಕಿ ಎಡವುವ ಸಂಭವ ಕಡಿಮೆ. ಕೊಲೆಗಾರನ ಹೆಸರು ಮರೆತುಹೋದ ಮೇಲೂ ಈ ಪುಸ್ತಕಗಳ ಮರಗಿಡಗಳು ನನ್ನ ನೆನಪಿನಲ್ಲಿ ಉಳಿದಿವೆ.

ಕಥೆಯನ್ನು ಹೇಳುವ ಮುನ್ನ, ತರುಣ ವಾಚಕರಿಗಾಗಿ, ದಂಡೆಂದರೇನೆಂಬುದನ್ನು ಎರಡು ಮಾತಿನಲ್ಲಿ ತಿಳಿಸಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ, 1809ರ ಹೊತ್ತಿಗೆ ಇಂಗ್ಲಿಷರು ತಮ್ಮ ಸೈನ್ಯವನ್ನು ಹಲಸೂರಿನ ಬಳಿ ನೆಲೆಗೊಳಿಸಿದರು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ಈ ನೆಲ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. 1947ರಲ್ಲಷ್ಟೇ ಮೈಸೂರಿಗೆ ಹಿಂದಿರುಗಿತು. ಆದ್ದರಿಂದ 1921ರಲ್ಲಿ ಬೆಂಗಳೂರು ಒಂದಲ್ಲ, ಎರಡು. ಪಶ್ಚಿಮಕ್ಕೆ ಮಹಾರಾಜರ ಕನ್ನಡ ಪೇಟೆ. ಪೂರ್ವಕ್ಕೆ ತಮಿಳು, ಉರ್ದು, ಇಂಗ್ಲಿಷುಗಳು ಬೆರೆತ ದಂಡು. ನಡುವೆ ಕಬ್ಬನ್ ಪಾರ್ಕು.

ಕಾವೇರಿ ಮೈಸೂರಿನ ಹುಡುಗಿ, ಹತ್ತೊಂಬತ್ತರ ಪ್ರಾಯದ ನವವಧು. ಗಂಡ ಡಾಕ್ಟರ್ ರಾಮು ಮೂರ್ತಿ ಬೌರಿಂಗ್ ಆಸ್ಪತ್ರೆಯ ವೈದ್ಯ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಆ ಆಸ್ಪತ್ರೆ ಇಂದಿಗೂ ಶಿವಾಜಿನಗರದಲ್ಲಿ ಬಡವರ ಪಾಲಿಗೆ ತೆರೆದಿದೆ. ಗಂಡನ ಉದ್ಯೋಗ ಬ್ರಿಟಿಷರ ಸೀಮೆಯಲ್ಲಿ, ಹೆಂಡತಿಯ ಬಂಧುಬಳಗ ಮಹಾರಾಜರ ಸೀಮೆಯಲ್ಲಿ. ಈ ಒಂದು ಏರ್ಪಾಟಿನಿಂದ ಲೇಖಕಿ ಎರಡು ಬೆಂಗಳೂರುಗಳ ನಡುವೆ ಓಡಾಡುವ ರಹದಾರಿಯನ್ನು ಸಂಪಾದಿಸಿಕೊಂಡಿದ್ದಾರೆ. ಮೊದಲ ಕೊಲೆ ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಸಂಭವಿಸುತ್ತದೆ. ಯುರೋಪಿಯನ್ನರ ಕ್ಲಬ್ಬುಗಳ ಬಾಗಿಲು ಭಾರತೀಯರಿಗೆ ಸಾಮಾನ್ಯವಾಗಿ ತೆರೆಯದಿದ್ದ ಕಾಲದಲ್ಲಿ, 1917ರಲ್ಲಿ, ವಿಶ್ವೇಶ್ವರಯ್ಯನವರು ಹುಟ್ಟುಹಾಕಿದ ಕ್ಲಬ್ಬು ಅದು. ಗದ್ದಲ ಸಾಕಾಗಿ ತೋಟಕ್ಕೆ ಬಂದ ಕಾವೇರಿಗೆ ಕತ್ತಲಲ್ಲಿ ಅಪರಿಚಿತನೊಬ್ಬನು ಕಾಣುತ್ತಾನೆ. ಅರ್ಧ ಗಂಟೆಯಲ್ಲಿ ಒಂದು ಹೆಣ ಬೀಳುತ್ತದೆ. ಅಪವಾದ ನಿರ್ಗತಿಕ ಹೆಂಗಸೊಬ್ಬಳ ಮೇಲೆ ಬರುವುದನ್ನು ಕಂಡು ಕಾವೇರಿ ಸುಮ್ಮನಿರಲಾರಳು. ಅವಳಿಗೆ ಗಣಿತದಲ್ಲಿ ಅಪಾರ ಆಸಕ್ತಿ. ಬೀಜಗಣಿತದ ಪುಸ್ತಕದಲ್ಲಿ ಪತ್ತೇದಾರಿ ಕಾದಂಬರಿಯನ್ನು ಬಚ್ಚಿಟ್ಟ ನಮ್ಮ ಹುಡುಗನಿಗೆ ಈ ಕೂಡಾವಳಿ ಇಷ್ಟವಾಗುತ್ತಿತ್ತು.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2022ರ ಗಮನಾರ್ಹ ಪುಸ್ತಕಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಎರಡನೆಯ ಕಾದಂಬರಿ 'ಮರ್ಡರ್ ಅಂಡರ್ ಎ ರೆಡ್ ಮೂನ್' 2023ರಲ್ಲಿ ಬಂತು. ಅದರಲ್ಲಿ ಅತ್ತೆಯ ಮಾತು ಮೀರಲಾರದೆ ಸಣ್ಣ ಅಪರಾಧವೊಂದನ್ನು ವಿಚಾರಿಸಲು ಹೋದ ಸೊಸೆ ಗ್ರಹಣದ ರಾತ್ರಿ ಕೊಲೆಯನ್ನು ಎದುರಿಸುತ್ತಾಳೆ. 2024ರ 'ಎ ನೆಸ್ಟ್ ಆಫ್ ವೈಪರ್ಸ್' 1922ರ ಜನವರಿಯಲ್ಲಿ ವೇಲ್ಸ್ ರಾಜಕುಮಾರರು ಬೆಂಗಳೂರಿಗೆ ಭೇಟಿಯಿತ್ತ ಸಂದರ್ಭವನ್ನು ಬೀದಿಯ ಜಾದೂಗಾರರ, ಹಾವಾಡಿಗರ ಲೋಕದೊಡನೆ ಹೆಣೆಯುತ್ತದೆ. ಹಿಂದಿನ ನವೆಂಬರಿನಲ್ಲಿ ಮುಂಬಯಿಯಲ್ಲಿ ದೊಂಬಿಗಳೆದ್ದಿದ್ದವು. ಇಲ್ಲಿ ಮಾತ್ರ ಜನ ಸಾಲುಗಟ್ಟಿ ಸ್ವಾಗತಿಸಿದರು. ಆ ಸ್ವಾಗತದ ಅಡಿಯಲ್ಲಿ ಏನಿತ್ತೆಂಬ ಕುತೂಹಲವೇ ಆ ಕಾದಂಬರಿಯ ಬೀಜ.

ನಾಲ್ಕನೆಯದಾದ 'ಇಂಟು ದ ಲೆಪರ್ಡ್ಸ್ ಡೆನ್' 2025ರಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ಮುದುಕಿಯೊಬ್ಬಳ ಕೊಲೆಯಾಗುತ್ತದೆ. ಸತ್ತವಳ ಕೈಯಲ್ಲಿ ಕಾವೇರಿಯ ಭಾವಚಿತ್ರವಿರುತ್ತದೆ. ಆ ಎಳೆಯನ್ನು ಹಿಡಿದ ಕಥೆ ಕೊಡಗಿನ ಕಾಫಿ ತೋಟಗಳನ್ನು ಮುಟ್ಟುತ್ತದೆ. ಅಲ್ಲಿ ಜನ ದ್ವೇಷಿಸುವ ತೋಟದ ಧಣಿಯೊಬ್ಬನನ್ನು ಕೊಲ್ಲುವ ಯತ್ನಗಳು ನಡೆಯುತ್ತಿವೆ, ಬೆಟ್ಟದಲ್ಲಿ ದೆವ್ವದ ಚಿರತೆಯೊಂದು ಸುಳಿದಾಡುತ್ತದೆಂಬ ಸುದ್ದಿಯಿದೆ. ಕಾವೇರಿ ಈಗ ಗರ್ಭಿಣಿ. ಅಪರಾಧಿ ಯಾರೆಂದು ಇಲ್ಲಿ ಹೇಳುವ ದ್ರೋಹವನ್ನು ನಾನು ಮಾಡಲಾರೆ. ಆದರೆ ಇಷ್ಟನ್ನು ಹೇಳಬಹುದು: ಹಿಂದಿನ ಮೂರರಲ್ಲಿ ಕೆರೆಯೂ ಬೀದಿಯೂ ಕಥೆಯ ಹಿನ್ನೆಲೆಯಾಗಿದ್ದರೆ, ಇದರಲ್ಲಿ ಕಾಡು ಮುಂದಕ್ಕೆ ಬಂದಿದೆ. ಮನುಷ್ಯನ ಅಪರಾಧವನ್ನು ಮೃಗದ ಮೇಲೆ ಹೊರಿಸುವುದು ಎಷ್ಟು ಸುಲಭವೆಂಬುದನ್ನು ಪರಿಸರ ವಿಜ್ಞಾನಿಗೆ ಬೇರೆಯವರು ಕಲಿಸಬೇಕಾಗಿಲ್ಲ. ನಗರದ ಗಲ್ಲಿಗಳಲ್ಲಿ ಅವರ ಕೈ ಪಳಗಿದಷ್ಟು ಬೆಟ್ಟದಲ್ಲಿ ಪಳಗಿಲ್ಲವೆಂದು ನನಗೆ ಕಂಡಿತು. ದಂಡಿನ ವಾಚಕನಾದ ನನಗೆ ಊರಿನ ಮೇಲಿನ ಪಕ್ಷಪಾತವೂ ಇರಬಹುದು.

ಪುಸ್ತಕಗಳ ಹೆಸರಿನಲ್ಲಿರುವ ಕ್ಲಬ್ಬೆಂದರೆ ಬೀದಿಯ ಹುಡುಗರು, ನೆರೆಮನೆಯ ಹೆಂಗಸು, ಹಿಂದೆ ವೇಶ್ಯಾವೃತ್ತಿಯಲ್ಲಿದ್ದವಳು, ಪೋಲೀಸಿನವನ ಹೆಂಡತಿ ಇವರ ಗುಂಪು. 1921ರ ಸಂಭಾವಿತ ಮನೆತನದ ಸೊಸೆಯೊಬ್ಬಳು ಇಂತಹವರ ಸಂಗದಲ್ಲಿ ವೇಶ್ಯಾಗೃಹದಿಂದ ಇಂಗ್ಲಿಷಿನವನ ಬಂಗಲೆಯವರೆಗೆ ಅಲೆಯುವುದು ಸಾಧ್ಯವಿತ್ತೇ? ಅದಕ್ಕೆ ತಡೆಯೊಡ್ಡದ ಗಂಡನಿದ್ದನೇ? ಈ ಆಕ್ಷೇಪ ಸಹಜವಾದುದು. ಡಾಕ್ಟರ್ ರಾಮು ತೀರ ಒಳ್ಳೆಯವನಾದನೆಂದು ನನಗೂ ಅನಿಸಿದೆ. ಆದರೆ ಅದೇ 1921ರಲ್ಲಿ ಇದೇ ಬೆಂಗಳೂರಿನಲ್ಲಿ, ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಮಾಸಪತ್ರಿಕೆಯನ್ನು ಆರಂಭಿಸಿ, ಅದನ್ನು ಸುಮಾರು ನಾಲ್ಕು ದಶಕಗಳ ಕಾಲ ನಡೆಸಿದರು. ಅವರ ಜೀವನವನ್ನು ಕಾದಂಬರಿಯಾಗಿ ಬರೆದಿದ್ದರೆ ನಾವು ಅಸಂಭವವೆಂದೇ ಹೇಳುತ್ತಿದ್ದೆವು.

ನನ್ನ ಕೊರಗು ಬೇರೆ. ಕನ್ನಡದಲ್ಲಿಯೇ ನಡೆದಿರಬೇಕಾದ ಮಾತುಗಳು ಈ ಪುಸ್ತಕಗಳಲ್ಲಿ ಇಂಗ್ಲಿಷಿನಲ್ಲಿ ನಡೆಯುತ್ತವೆ. ಅಕ್ಕ, ಅಮ್ಮ ಎಂಬ ಕರೆಗಳು ಉಳಿದುಕೊಂಡಿವೆ. ಮೊದಲ ಪುಸ್ತಕದ ಕೊನೆಗೆ ನಮ್ಮ ಅಡಿಗೆಯ ವಿಧಾನಗಳನ್ನೂ ಕೊಡಲಾಗಿದೆ. ದೂರದೇಶದ ವಾಚಕನಿಗೆ ಅದು ಹೊಸ ರುಚಿ, ನಮಗೆ ಮನೆಯ ಊಟದ ವರ್ಣನೆಯನ್ನು ಅತಿಥಿಯ ಬಾಯಿಂದ ಕೇಳಿದಂತೆ. ಸಂಭಾಷಣೆ ಬರುವೆಡೆಯಲ್ಲೆಲ್ಲ ನಾನು ಅದನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತ ಓದಿದೆ. ಅತ್ತೆಯ ಮಾತುಗಳಂತೂ ತಾವಾಗಿಯೇ ಮೈಸೂರು ಕನ್ನಡಕ್ಕೆ ಹೊರಳಿದವು.

ನಮ್ಮ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಕೊಡಲಿಚ್ಛಿಸುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ನಾಲ್ಕು ಸಂಪುಟಗಳನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಅವುಗಳನ್ನು ಇಂಗ್ಲಿಷ್ ಕಪಾಟಿನಲ್ಲಿಡದೆ, ನರಸಿಂಹಯ್ಯನವರ ಮತ್ತು ರಾಮಮೂರ್ತಿಯವರ ಕಾದಂಬರಿಗಳನ್ನು ಹುಡುಕಿ ತಂದು ಅವುಗಳ ಪಕ್ಕದಲ್ಲಿಯೇ ಇಡಬಹುದು. ಎಂಟನೆಯ ತರಗತಿಯ ಚರಿತ್ರೆಯ ಅಧ್ಯಾಪಕರು ಒಂದು ಶನಿವಾರ ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಹಲಸೂರು ಕೆರೆಯ ಏರಿಯಿಂದ ಬೌರಿಂಗ್ ಆಸ್ಪತ್ರೆಯವರೆಗೆ ನಡೆದು, ದಾರಿಯಲ್ಲಿ ಕಾಣುವುದರಲ್ಲಿ ಯಾವ ಕಟ್ಟಡ, ಯಾವ ಮರ 1921ರಲ್ಲಿ ಇತ್ತು, ಯಾವುದು ಇರಲಿಲ್ಲ ಎಂದು ಅವರಿಂದಲೇ ಪತ್ತೆ ಮಾಡಿಸಬಹುದು.