ಪರದೇಶದಲ್ಲಿ ಕೆಂಪೇರಿದ ಮುಖಕ್ಕೆ ಊರಿನ ಮುಲಾಮು

ಕಲ್ಯಾಣ ನಗರದ ನಮ್ಮ ಬಡಾವಣೆಯಲ್ಲಿ ಮಕ್ಕಳು ವಿದೇಶದಲ್ಲಿ ನೆಲೆಸಿರುವ ಮನೆಗಳು ಅನೇಕ. ತಂದೆತಾಯಿಗಳು ಲಂಡನ್ನಿಗೋ ಡಲ್ಲಾಸಿಗೋ ಹೊರಟು ನಿಂತಾಗ ಸೂಟ್‌ಕೇಸಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ವಿಭೂತಿ ಗಟ್ಟಿಗಳ ಜೊತೆಗೆ ಔಷಧ ಅಂಗಡಿಯಿಂದ ತಂದ ನಾಲ್ಕಾರು ಮುಲಾಮಿನ ಟ್ಯೂಬುಗಳೂ ಸೇರುತ್ತವೆ. “ಮಗಳ ಮುಖ ಕೆಂಪಗಾಗಿ ಉರಿಯುತ್ತದಂತೆ ಡಾಕ್ಟರೇ, ಅಲ್ಲಿ ವೈದ್ಯರ ಭೇಟಿಗೆ ವಾರಗಟ್ಟಲೆ ಕಾಯಬೇಕಂತೆ. ಈ ಟ್ಯೂಬು ಹಚ್ಚಿದರೆ ಎರಡೇ ದಿನಕ್ಕೆ ಇಳಿಯುತ್ತದೆ” ಎಂದು ತಾಯಂದಿರು ಹೇಳುವುದನ್ನು ಚಿಕಿತ್ಸಾಲಯದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮುಖದ ಕೆಂಪು ಎರಡೇ ದಿನಕ್ಕೆ ಇಳಿಯಿತೆಂದರೆ ಆ ಟ್ಯೂಬಿನಲ್ಲಿ ಏನಿದೆಯೆಂದು ಮೊದಲು ವಿಚಾರಿಸಬೇಕು.

ಹೀಗೆ ಕೆಂಪೇರುವ ಮುಖದ ಹಿಂದೆ ಹಲವು ವೇಳೆ ಇರುವ ಕಾಯಿಲೆಯ ಹೆಸರು ರೋಸೇಸಿಯಾ. ಸಾಮಾನ್ಯವಾಗಿ ಮೂವತ್ತು ದಾಟಿದವರಲ್ಲಿ ತೋರುವ, ಸ್ತ್ರೀಯರಲ್ಲಿ ಹೆಚ್ಚಾಗಿ ಕಾಣುವ, ದೀರ್ಘಕಾಲ ಉಳಿಯುವ ಚರ್ಮದ ಉರಿಯೂತವಿದು. ಕೆನ್ನೆ, ಮೂಗು, ಹಣೆ, ಗದ್ದಗಳು ಮೊದಮೊದಲು ಆಗಾಗ ಬಿಸಿಯೇರಿ ಕೆಂಪಾಗುತ್ತವೆ. ಕ್ರಮೇಣ ಆ ಕೆಂಪು ಅಲ್ಲಿಯೇ ನಿಲ್ಲುತ್ತದೆ, ಸೂಕ್ಷ್ಮ ರಕ್ತನಾಳಗಳು ಎಳೆಎಳೆಯಾಗಿ ತೋರುತ್ತವೆ, ಸಣ್ಣ ಗುಳ್ಳೆಗಳೇಳುತ್ತವೆ. ಕೆಲವು ಪುರುಷರಲ್ಲಿ ಮೂಗಿನ ಚರ್ಮ ದಪ್ಪಗಾಗುವುದೂ ಉಂಟು. ಮೊಡವೆಯಲ್ಲಿ ಕಾಣುವ ಕಪ್ಪುತಲೆಯ ಕಡಲೆಗಳು ಇದರಲ್ಲಿ ಇರುವುದಿಲ್ಲ. ಇದು ಅಂಟುರೋಗವಲ್ಲ. ಕೊಳಕಿನಿಂದ ಬರುವಂಥದ್ದೂ ಅಲ್ಲ. ಆದ್ದರಿಂದ ಉಜ್ಜಿ ಉಜ್ಜಿ ತೊಳೆಯುವುದರಿಂದ ಹಾನಿಯೇ ಹೊರತು ಪ್ರಯೋಜನವಿಲ್ಲ.

ಇದು ಬಿಳಿಯರ ಕಾಯಿಲೆಯೆಂಬ ನಂಬಿಕೆ ವೈದ್ಯರಲ್ಲಿಯೂ ಬಹುಕಾಲ ಬೇರೂರಿತ್ತು. ನಮ್ಮ ಗೋಧಿವರ್ಣದ, ಎಣ್ಣೆಗಪ್ಪಿನ ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣದು. ಕಂದು ಅಥವಾ ನೇರಳೆ ಛಾಯೆಯಾಗಿ, ಎಷ್ಟೋ ವೇಳೆ ಬರಿಯ ಮಬ್ಬಾಗಿ ಕಾಣುತ್ತದೆ. ರೋಗಿಗೆ ಮಾತ್ರ ಕೆನ್ನೆಯ ಬಿಸಿ, ಚುಚ್ಚುವಿಕೆ, ಉರಿ ಸ್ಪಷ್ಟವಾಗಿ ತಿಳಿಯುತ್ತಿರುತ್ತದೆ. ಹೀಗಾಗಿ ಅಲ್ಲಿಯ ವೈದ್ಯರು ಮೊಡವೆಯೆಂದೋ ಅಲರ್ಜಿಯೆಂದೋ ಭಾವಿಸಿ ಕಳುಹಿಸಿಬಿಡುವ ಸಂಭವವಿದೆ. ಈ ಕಷ್ಟ ನಮ್ಮ ಮಕ್ಕಳದಷ್ಟೇ ಅಲ್ಲ. ಕಮ್ಮನಹಳ್ಳಿಯ ಸುತ್ತಮುತ್ತ ಓದಲು ಬಂದು ನೆಲೆಸಿರುವ ಆಫ್ರಿಕಾ ದೇಶಗಳ ವಿದ್ಯಾರ್ಥಿಗಳಿಗೆ ನಮ್ಮ ಊರೇ ಪರದೇಶ. ಅವರ ಮುಖದ ಉರಿಯನ್ನು ನಾವೂ ಅಷ್ಟೇ ಸುಲಭವಾಗಿ ಕಡೆಗಣಿಸುತ್ತೇವೆ.

ಇನ್ನು ಆ ಟ್ಯೂಬಿನ ವಿಷಯ. ತುರಿಕೆಗೆ, ಕಪ್ಪು ಕಲೆಗೆ, ಮುಖ ಬೆಳ್ಳಗಾಗಲಿಕ್ಕೆ ಎಂದು ಕೈಯಿಂದ ಕೈಗೆ ದಾಟುವ ಮುಲಾಮುಗಳಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಎಂಬ ಸ್ಟೆರಾಯ್ಡ್‌ಗಳಿರುವುದು ಸಾಮಾನ್ಯ. ತಕ್ಕ ರೋಗಕ್ಕೆ ತಕ್ಕಷ್ಟು ದಿನ ಬಳಸಿದರೆ ಇವು ಒಳ್ಳೆಯ ಔಷಧಗಳೇ. ಮುಖದ ತೆಳುಚರ್ಮಕ್ಕೆ ತಿಂಗಳುಗಟ್ಟಲೆ ಬಳಿದರೆ ಕತೆಯೇ ಬೇರೆ. ಸ್ಟೆರಾಯ್ಡ್ ರಕ್ತನಾಳಗಳನ್ನು ಸಂಕುಚಿಸುವುದರಿಂದ ಮೊದಲ ದಿನಗಳಲ್ಲಿ ಮುಖ ತಿಳಿಯಾಗುತ್ತದೆ. ವಾರಗಳು ಕಳೆದಂತೆ ಚರ್ಮ ತೆಳುವಾಗಿ, ರಕ್ತನಾಳಗಳು ಹಿಗ್ಗಿ ನಿಲ್ಲುತ್ತವೆ. ಬಿಟ್ಟರೆ ಕೆಂಪು ಇಮ್ಮಡಿಯಾಗಿ ಮರಳುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ರೋಸೇಸಿಯಾ ಇದ್ದವರಿಗೆ ಅದು ಉಲ್ಬಣಿಸುತ್ತದೆ, ಇಲ್ಲದವರಿಗೆ ಅದನ್ನೇ ಹೋಲುವ ರೋಗವೊಂದು ಹುಟ್ಟುತ್ತದೆ. ‘ಸ್ಟೆರಾಯ್ಡ್‌ನಿಂದ ಹಾನಿಗೊಂಡ ಮುಖ’ ಎಂಬ ಅರ್ಥದ ಪ್ರತ್ಯೇಕ ಹೆಸರನ್ನೇ ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ಇಟ್ಟಿದ್ದಾರೆ. ಭಾರತದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಖದ ಚರ್ಮರೋಗಕ್ಕಾಗಿ ಬಂದ 2,926 ಮಂದಿಯ ಪೈಕಿ 433 ಮಂದಿ ಇಂತಹ ಮುಲಾಮನ್ನು ಹಚ್ಚುತ್ತಿದ್ದರು. ಅವರಲ್ಲಿ 392 ಮಂದಿಗೆ ದುಷ್ಪರಿಣಾಮಗಳು ಕಂಡುಬಂದಿದ್ದವು. 2018ರಲ್ಲಿ ಕೇಂದ್ರ ಸರ್ಕಾರವು 14 ಸ್ಟೆರಾಯ್ಡ್ ಮುಲಾಮುಗಳನ್ನು ‘ಶೆಡ್ಯೂಲ್ ಎಚ್’ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಆದರೂ ಕೇಳಿದೊಡನೆ ಕೊಡುವ ಅಂಗಡಿಗಳು ಇಲ್ಲದಿಲ್ಲ.

ಆದುದರಿಂದ ವಿದೇಶದಲ್ಲಿರುವ ಮಕ್ಕಳಿಗೆ ಟ್ಯೂಬು ಕಳುಹಿಸುವ ಬದಲು, ಅಲ್ಲಿಯ ವೈದ್ಯರ ಬಾಗಿಲನ್ನು ತಟ್ಟುವಂತೆ ಹೇಳಿರಿ. ಬ್ರಿಟನ್ನಿನಲ್ಲಿ ಹೆಚ್ಚಿನ ಉದ್ಯೋಗ ವೀಸಾದವರು ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳು 776 ಪೌಂಡ್ ಆರೋಗ್ಯ ಶುಲ್ಕವನ್ನು ವೀಸಾದ ಜೊತೆಗೇ ಕಟ್ಟುವ ನಿಯಮ 2024ರ ಫೆಬ್ರುವರಿಯಿಂದ ಇದೆ. ಅಷ್ಟು ಹಣ ತೆತ್ತ ಮೇಲೂ ಮನೆಯ ಹತ್ತಿರದ ಜಿಪಿ ಎಂಬ ಕುಟುಂಬ ವೈದ್ಯರಲ್ಲಿ ಹೆಸರನ್ನೇ ನೋಂದಾಯಿಸದ ನಮ್ಮವರಿದ್ದಾರೆ. ಇದು ನನಗೆ ಅರ್ಥವಾಗದ ಮಿತವ್ಯಯ! ಚರ್ಮತಜ್ಞರ ಸರದಿಗೆ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ನಿಜ. ಆದರೆ ರೋಸೇಸಿಯಾದ ಮೊದಲ ಹಂತದ ಔಷಧಗಳನ್ನು ಜಿಪಿಯೇ ಬರೆದುಕೊಡಬಲ್ಲರು. ಇಂಗ್ಲೆಂಡಿನಲ್ಲಿ ಔಷಧವೊಂದಕ್ಕೆ 9.90 ಪೌಂಡ್ ಎಂದು 2024ರ ಮೇ ತಿಂಗಳಲ್ಲಿ ನಿಗದಿಯಾಯಿತು. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಅದೂ ಇಲ್ಲ. ಅಮೆರಿಕದಲ್ಲಿ ಎಲ್ಲವೂ ವಿಮೆಯನ್ನು ಅವಲಂಬಿಸಿದೆ. ಕೆಲವು ವಿಮೆಗಳಲ್ಲಿ ನೇರವಾಗಿ ಚರ್ಮತಜ್ಞರಲ್ಲಿಗೆ ಹೋಗಬಹುದು, ಕೆಲವಕ್ಕೆ ಕುಟುಂಬ ವೈದ್ಯರ ಶಿಫಾರಸು ಬೇಕು. ದುಬಾರಿ ಔಷಧ ಬರೆದಾಗ ಮೆಟ್ರೊನಿಡಜೋಲ್ ಜೆಲ್‌ನಂತಹ ಹಳೆಯ, ಅಗ್ಗದ ಪರ್ಯಾಯವಿದೆಯೇ ಎಂದು ಕೇಳುವುದರಲ್ಲಿ ಸಂಕೋಚವಿರಬಾರದು. ಐವರ್‌ಮೆಕ್ಟಿನ್ ಶೇ. 1ರ ಕ್ರೀಮು, ಅಜೆಲಾಯಿಕ್ ಆಮ್ಲ, ಗುಳ್ಳೆಗಳು ಹೆಚ್ಚಾಗಿದ್ದರೆ ಸಣ್ಣ ಪ್ರಮಾಣದ ಡಾಕ್ಸಿಸೈಕ್ಲಿನ್ ಮಾತ್ರೆ ಇವು ಇತರ ಔಷಧಗಳು. ಗರ್ಭಿಣಿಯರು ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಬಾರದು. ಯಾವುದೂ ಎರಡು ದಿನದ ಔಷಧವಲ್ಲ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು.

ವೈದ್ಯರ ಮುಂದೆ ಕುಳಿತಾಗ ಮುಖ ತಣ್ಣಗಿರುವುದೇ ಈ ರೋಗದ ಕುಚೋದ್ಯ. ಲಂಡನ್ನಿನ ಥೇಮ್ಸ್ ತೀರದಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪುತ್ಥಳಿಯ ಮುಂದೆ, ಚಳಿಗಾಳಿಯಲ್ಲಿ ನಿಂತು ತೆಗೆಸಿಕೊಂಡ ಫೋಟೋವನ್ನು ಮಕ್ಕಳು ಊರಿಗೆ ಕಳುಹಿಸುತ್ತಾರಷ್ಟೆ. ಅದರಲ್ಲಿ ಕೆನ್ನೆ ಕಪ್ಪಾಗಿ ಕೆಂಪಾಗಿ ಕಂಡಿದ್ದರೆ ಆ ಫೋಟೋವನ್ನು ಅಳಿಸದೆ ವೈದ್ಯರಿಗೆ ತೋರಿಸಲಿ. ಉರಿ ಎದ್ದ ಗಳಿಗೆಯ ಚಿತ್ರ, ಹಿಂದಿನ ಸಹಜ ಬಣ್ಣದ ಚಿತ್ರ ಎರಡೂ ಇದ್ದರೆ ನಮ್ಮ ಬಣ್ಣದ ಚರ್ಮವನ್ನು ಹೆಚ್ಚಾಗಿ ನೋಡದ ವೈದ್ಯರಿಗೂ ವ್ಯತ್ಯಾಸ ತಿಳಿಯುತ್ತದೆ. ಊರಿನಿಂದ ತಂದ ಮುಲಾಮು ಹಚ್ಚಿದ್ದರೆ ಅದನ್ನು ಮುಚ್ಚಿಡಬಾರದು. ನಮ್ಮ ದೇಶದ ಟ್ಯೂಬುಗಳ ವ್ಯಾಪಾರೀ ಹೆಸರು ಅಲ್ಲಿಯವರಿಗೆ ತಿಳಿಯದು, ಒಳಗಿನ ಔಷಧದ ಹೆಸರನ್ನು ಬರೆದುಕೊಂಡು ಹೋಗಬೇಕು. ತಿಂಗಳುಗಟ್ಟಲೆ ಹಚ್ಚಿದವರು ತಮ್ಮಷ್ಟಕ್ಕೆ ಥಟ್ಟನೆ ನಿಲ್ಲಿಸುವುದಕ್ಕಿಂತ ವೈದ್ಯರ ಸಲಹೆಯಂತೆ ಬಿಡುವುದು ಲೇಸು. ಬಿಟ್ಟ ಕೆಲವು ವಾರ ಮುಖ ಮೊದಲಿಗಿಂತ ಹದಗೆಡುತ್ತದೆ. ವೀಡಿಯೊ ಕರೆಯಲ್ಲಿ ಅದನ್ನು ಕಂಡ ತಾಯಂದಿರು ಗಾಬರಿಯಾಗಿ ಮತ್ತೆ ಟ್ಯೂಬು ಹಚ್ಚೆನ್ನಬಾರದು. ಕೀಲುನೋವು, ಜ್ವರ, ಬಾಯಿಹುಣ್ಣುಗಳೂ ಜೊತೆಗಿದ್ದರೆ ಅದು ಲೂಪಸ್ ಎಂಬ ಬೇರೆಯೇ ಕಾಯಿಲೆ ಇರಬಹುದು. ಅದಕ್ಕೆ ರಕ್ತಪರೀಕ್ಷೆ ಅಗತ್ಯ.

ಆಯುರ್ವೇದದಲ್ಲಿ ಇದಕ್ಕೇನಿದೆಯೆಂದು ಓದುಗರು ಕೇಳುವುದು ಸಹಜ. ಮೊಡವೆಯನ್ನು ಸುಶ್ರುತರು ಕ್ಷುದ್ರರೋಗಗಳಲ್ಲಿ ಮುಖದೂಷಿಕಾ ಎಂದು ವರ್ಣಿಸಿದ್ದಾರೆ. ರೋಸೇಸಿಯಾವನ್ನು ಅದರೊಳಗೆ ತುರುಕುವುದು ನನಗೆ ಒಪ್ಪಿತವಲ್ಲ. ಲಕ್ಷಣಗಳನ್ನು ನೋಡಿದರೆ ಪಿತ್ತ ಮತ್ತು ರಕ್ತಗಳ ದುಷ್ಟಿಯೆಂದು ಗ್ರಹಿಸಿ, ನಿದಾನ ಪರಿವರ್ಜನ, ಎಂದರೆ ಕಾರಣವನ್ನು ದೂರವಿಡುವುದರಿಂದ ಆರಂಭಿಸುವುದು ಯುಕ್ತ. ಈ ವಿಷಯದಲ್ಲಿ ಆಧುನಿಕ ವೈದ್ಯರೂ ನಮ್ಮ ಮಾತನ್ನೇ ಆಡುತ್ತಾರೆ. ಬಿಸಿಲು, ಒಲೆಯ ಝಳ, ಚಳಿಗಾಳಿಯಿಂದ ನೇರ ಬೆಚ್ಚನೆಯ ಕೋಣೆಗೆ ನುಗ್ಗುವುದು, ಅತಿ ಬಿಸಿನೀರಿನ ಸ್ನಾನ, ಮದ್ಯ, ಮನಃಕ್ಲೇಶ ಇವು ಪ್ರಚೋದಕಗಳು. ಕಾಫಿಯನ್ನು ಬಿಡಬೇಕಾಗಿಲ್ಲ, ಅನೇಕರಿಗೆ ತೊಂದರೆ ಕೊಡುವುದು ಅದರ ಬಿಸಿ. ಆರಿಸಿ ಕುಡಿದು ನೋಡಲಿ. ರಂಜಕ, ಹಸಿಮೆಣಸಿನಕಾಯಿಯ ಖಾರ ಯಾರಿಗೆ ಎಷ್ಟು ಕೆಣಕುತ್ತದೆಂಬುದನ್ನು ಅವರವರೇ ದಿನಚರಿ ಬರೆದು ಕಂಡುಕೊಳ್ಳಬೇಕು. ನಿಂಬೆರಸ, ಅಡುಗೆ ಸೋಡಾ, ಕಡಲೆಹಿಟ್ಟಿನ ಉಜ್ಜುವಿಕೆ ಬೇಡವೇ ಬೇಡ. ಸೊಗದೇ ಬೇರು, ಮಂಜಿಷ್ಠಗಳನ್ನು ವೈದ್ಯರು ಪ್ರಕೃತಿ ನೋಡಿ ಕೊಡಬಹುದು. ಇವು ರೋಸೇಸಿಯಾವನ್ನು ಬೇರುಸಹಿತ ಕೀಳುತ್ತವೆಂದು ನಾನು ಹೇಳಲಾರೆ, ಹೇಳುವವರನ್ನು ನಂಬಬೇಡಿರಿ. ರಸೌಷಧ, ಭಸ್ಮಗಳನ್ನು ಪೊಟ್ಟಣ ಕಟ್ಟಿ ಹೊರದೇಶಕ್ಕೆ ಕಳುಹಿಸುವುದಂತೂ ಕೂಡದು. ಬೋಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರಲ್ಲಿ ಪ್ರಕಟವಾಯಿತು. ನಮ್ಮ ಶಾಸ್ತ್ರಕ್ಕೆ ಅದರಿಂದ ಬಂದ ಅಪಕೀರ್ತಿ ಇನ್ನೂ ತೊಳೆದುಹೋಗಿಲ್ಲ.

ವಿಭೂತಿಯ ಬಗ್ಗೆ ಕೆಲವರು ಹಿಂಜರಿಯುತ್ತಲೇ ಕೇಳಿದ್ದಾರೆ. ಬೂದಿ ಕ್ಷಾರಗುಣದ್ದು. ಹಣೆಯ ಚರ್ಮ ಉರಿಯುತ್ತಿರುವಾಗ ನೀರು ಬೆರೆಸಿ ದಪ್ಪನಾಗಿ ಬಳಿದು ದಿನವಿಡೀ ಬಿಟ್ಟರೆ ಕೆರಳಬಹುದು. ಶುದ್ಧ ವಿಭೂತಿಯನ್ನು ತೆಳುವಾಗಿ ಧರಿಸಿ, ಇಷ್ಟಲಿಂಗ ಪೂಜೆ ಮುಗಿದ ಮೇಲೆ ತಣ್ಣೀರಿನಿಂದ ಮೆಲ್ಲಗೆ ತೊಳೆದುಕೊಂಡರಾಯಿತು. ಅಷ್ಟೂ ಸಹಿಸದ ದಿನಗಳಲ್ಲಿ, ಧಾರಣೆಯ ಸ್ಥಾನ ಹಣೆಯೊಂದೇ ಅಲ್ಲವಾದ್ದರಿಂದ, ತೋಳು ಎದೆಗಳಿಗೆ ಧರಿಸಬಹುದು.

ರೋಸೇಸಿಯಾ ಕಣ್ಣನ್ನೂ ಮುಟ್ಟುತ್ತದೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮರಳು ಬಿದ್ದಂತೆ ಚುಚ್ಚುವುದು, ರೆಪ್ಪೆಯ ಅಂಚು ಕೆಂಪಾಗುವುದು, ಮತ್ತೆ ಮತ್ತೆ ಕಣ್ಣುಕುಟಿಗೆ ಏಳುವುದು ಇದರ ಲಕ್ಷಣಗಳು. ಕೆಲವರಲ್ಲಿ ಮುಖಕ್ಕಿಂತ ಮೊದಲೇ ಕಣ್ಣಿನಲ್ಲಿ ಕಾಣಿಸಿಕೊಳ್ಳುತ್ತದೆ. ಶುಚಿಯಾದ ಬಟ್ಟೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿ ಮುಚ್ಚಿದ ರೆಪ್ಪೆಯ ಮೇಲೆ ಐದು ನಿಮಿಷ ಇಡುವುದರಿಂದ ಹಿತವಾಗುತ್ತದೆ. ಕಣ್ಣು ನೋಯತೊಡಗಿದರೆ, ಬೆಳಕನ್ನು ನೋಡಲಾಗದಿದ್ದರೆ, ದೃಷ್ಟಿ ಮಸುಕಾದರೆ, ಯಾವ ದೇಶದಲ್ಲಿದ್ದರೂ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗತಕ್ಕದ್ದು.