ಧಾತು ಮರಳಿ ಬರುವ ತನಕ

ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ವಯಸ್ಸಾದವರನ್ನು ಹುಟ್ಟಿದ ತಾರೀಖು ಕೇಳಿದರೆ ಎಷ್ಟೋ ಸಲ ತಾರೀಖು ಸಿಗುವುದಿಲ್ಲ, ಒಂದು ಘಟನೆ ಸಿಗುತ್ತದೆ. ಹೊಳೆಗೆ ಡ್ಯಾಂ ಕಟ್ಟುವಾಗ ಎಮ್ಮೆ ಕಾಯುತ್ತಿದ್ದೆ ಎನ್ನುವವರುಂಟು, ಕಾಲುವೆಗೆ ಮೊದಲ ನೀರು ಬಿಟ್ಟ ವರ್ಷ ಮದುವೆಯಾಯಿತು ಎನ್ನುವವರುಂಟು. ಇವರ ಮುತ್ತಜ್ಜಂದಿರ ಕಾಲಕ್ಕೆ ಹೋದರೆ ಎಲ್ಲ ಗುರುತುಗಳನ್ನೂ ನುಂಗಿ ನಿಲ್ಲುವ ಹೆಸರು ಒಂದೇ: ಧಾತು ಈಶ್ವರ ಬರ.

ಧಾತು, ಈಶ್ವರ ಎಂಬುವು ಪಂಚಾಂಗದ ಅರವತ್ತು ಸಂವತ್ಸರಗಳ ಪೈಕಿ ಹತ್ತನೆಯದು ಮತ್ತು ಹನ್ನೊಂದನೆಯದು. ಬರ ಬಿದ್ದ ಧಾತು 1876ರದು, ಈಶ್ವರ 1877ರದು. ಅರವತ್ತು ವರ್ಷಗಳಿಗೊಮ್ಮೆ ಹೆಸರು ಮರಳುವುದರಿಂದ ಮತ್ತೆ ಧಾತು ಬಂದದ್ದು 1936ರಲ್ಲಿ, ಆಮೇಲೆ 1996ರಲ್ಲಿ. ಇನ್ನು ಬರುವುದು 2056ಕ್ಕೆ. ತಾನು ಹುಟ್ಟಿದ ಸಂವತ್ಸರ ಮರಳಿ ಬಂದದ್ದನ್ನು ಕಂಡವನಿಗೆ ಷಷ್ಟ್ಯಬ್ದಿ ಮಾಡುವುದು ಹಳೆಯ ರೂಢಿ. ಅರವತ್ತು ಮುಟ್ಟುವುದು ಮನೆಮಂದಿಯೆಲ್ಲ ಕೂಡಿ ಹಬ್ಬ ಮಾಡುವಷ್ಟು ಅಪರೂಪವಾಗಿತ್ತು ಎಂಬುದಕ್ಕೆ ಈ ಶಾಂತಿಕರ್ಮವೇ ಸಾಕ್ಷಿ. ಕಾಕತಾಳೀಯವೋ ಏನೋ, ನಮ್ಮ ಸರ್ಕಾರವೂ ಹಿರಿಯ ನಾಗರಿಕರ ಸಾಲು ಹಚ್ಚುವುದು ಅರವತ್ತರಿಂದಲೇ. ಹುಟ್ಟಿದವರಲ್ಲಿ ಎಷ್ಟು ಮಂದಿ ತಮ್ಮ ಸಂವತ್ಸರ ಮರಳಿ ಬಂದದ್ದನ್ನು ಕಂಡರು? ಜನಸಂಖ್ಯಾ ಶಾಸ್ತ್ರದ ದೊಡ್ಡ ದೊಡ್ಡ ಕೋಷ್ಟಕಗಳು ಉತ್ತರಿಸಲು ಹೆಣಗುವುದು ಬಹುಮಟ್ಟಿಗೆ ಈ ಪ್ರಶ್ನೆಗೇ.

ಮೊದಲ ಧಾತುವಿನ ಲೆಕ್ಕ ಎದೆ ನಡುಗಿಸುವಂಥದು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಅನಂತಪುರ ಬೇರೆಯಾದ ಮೇಲಿನ ಗಡಿಗಳಿಗೆ ಹೊಂದಿಸಿ ನೋಡಿದರೆ 1871ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 9 ಲಕ್ಷ 11 ಸಾವಿರ; 1881ರಲ್ಲಿ 7 ಲಕ್ಷ 26 ಸಾವಿರ. ಹತ್ತು ವರ್ಷಗಳಲ್ಲಿ ಐದನೆಯ ಒಂದು ಪಾಲು ಇಲ್ಲ! ಇಷ್ಟೂ ಜನ ಹಸಿವಿನಿಂದಲೇ ಸತ್ತರೆಂದು ತಿಳಿಯಬೇಕಿಲ್ಲ. ಊರು ಬಿಟ್ಟು ಹೋದವರಿದ್ದರು, ಕಾಲರಾಕ್ಕೆ ತುತ್ತಾದವರಿದ್ದರು, ಬರಗಾಲದಲ್ಲಿ ಹುಟ್ಟದೆಯೇ ಉಳಿದ ಮಕ್ಕಳ ಲೆಕ್ಕವೂ ಇದರಲ್ಲಿ ಸೇರಿದೆ. ಪರಿಹಾರ ಕಾಮಗಾರಿಯ ಖರ್ಚು ಹಿಡಿತಕ್ಕೆ ತರಲು ಬಂದ ಸರ್ ರಿಚರ್ಡ್ ಟೆಂಪಲ್, ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಪುಡಿಗಾಸು ಸಾಕೆಂದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಅದು ಸಾಲದೆಂದು ಮದ್ರಾಸಿನ ವೈದ್ಯಾಧಿಕಾರಿಗಳೇ ತಕರಾರು ತೆಗೆದರು.

ಆ ಕಾಲದ ಭಾರತೀಯರ ಸರಾಸರಿ ಆಯುಷ್ಯ 25 ವರ್ಷದ ಆಸುಪಾಸಿನಲ್ಲಿತ್ತು ಎಂದು ಪುಸ್ತಕಗಳು ಹೇಳುತ್ತವೆ. ಈ ಮಾತನ್ನು ಓದಿದವರು ಅಂದಿನ ಜನ ಇಪ್ಪತ್ತೈದಕ್ಕೇ ಮುದುಕರಾಗಿ ಸಾಯುತ್ತಿದ್ದರೆಂದು ಭಾವಿಸುವುದುಂಟು. ಹಾಗಲ್ಲ. ಬಳ್ಳಾರಿ ರಂಗಭೂಮಿಯ ಮೂವರು ದಿಗ್ಗಜರನ್ನೇ ನೋಡಿ: ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಐವತ್ತೊಂಬತ್ತರ ಹೊತ್ತಿಗೆ ತೀರಿಕೊಂಡರು, ಕೋಲಾಚಲಂ ಶ್ರೀನಿವಾಸರಾಯರು (1854–1919) ಮತ್ತು ಬಳ್ಳಾರಿ ರಾಘವರು (1880–1946) ಇಬ್ಬರೂ ಅರವತ್ತೈದರ ತನಕ ಬದುಕಿದರು. ಹಾಗಾದರೆ 25 ಎಲ್ಲಿಂದ ಬಂತು?

ಒಂದು ಮನೆಯಲ್ಲಿ ಹತ್ತು ಮಕ್ಕಳು ಹುಟ್ಟಿದರೆನ್ನಿ. ನಾಲ್ಕು ಕೂಸುಗಳು ಒಂದು ವರ್ಷದ ಹೊತ್ತಿಗೆ ಹೋದವು, ಒಂದು ಮಗು ಐದಕ್ಕೆ ಹೋಯಿತು. ಉಳಿದ ಐವರು ಕ್ರಮವಾಗಿ 20, 35, 50, 60, 70ಕ್ಕೆ ತೀರಿಕೊಂಡರು. ಎಲ್ಲರ ಆಯುಷ್ಯ ಕೂಡಿಸಿ ಹತ್ತರಿಂದ ಭಾಗಿಸಿದರೆ ಬರುವುದು 24. ಇಪ್ಪತ್ತನಾಲ್ಕಕ್ಕೆ ಸತ್ತವರು ಮಾತ್ರ ಆ ಮನೆಯಲ್ಲಿ ಒಬ್ಬರೂ ಇಲ್ಲ. ಸರಾಸರಿಯನ್ನು ಕೆಳಕ್ಕೆ ಎಳೆದದ್ದು ತೊಟ್ಟಿಲು. ಇದು ಬಹಳ ಹಳೆಯ ಕತೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟದಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆದಾಗ ನವಶಿಲಾಯುಗದ ಜನರ ನೆಲೆ ಸಿಕ್ಕಿತು. ಮಣ್ಣಿನ ಮಡಕೆಗಳಲ್ಲಿ ಇಟ್ಟು ಹೂಳಿದ ಎಳೆಯ ಮಕ್ಕಳ ಎಲುಬುಗಳೂ ಅಲ್ಲಿ ಸಿಕ್ಕವು.

ಮೇಲಿನ ಲೆಕ್ಕವನ್ನು ಮತ್ತೊಂದು ಕಡೆಯಿಂದಲೂ ನೋಡಬೇಕು. ಹದಿನೈದು ದಾಟಿ ಗಟ್ಟಿಯಾದ ಐವರಲ್ಲಿ ಮೂವರು ಅರವತ್ತು ಮುಟ್ಟಲಿಲ್ಲ. ಹದಿನೈದಕ್ಕೂ ಅರವತ್ತಕ್ಕೂ ನಡುವೆ ಆಗುವ ಈ ನಷ್ಟಕ್ಕೆ ವಯಸ್ಕರ ಮರಣ ಪ್ರಮಾಣ ಎಂದು ಹೆಸರು. ಪತ್ರಿಕೆಗಳಲ್ಲಿ ಶಿಶುಮರಣದ ಅಂಕಿ ಬರುವಷ್ಟು ಸಲ ಇದು ಬರುವುದಿಲ್ಲ. ಆದರೆ ಮನೆಯ ಬೆನ್ನೆಲುಬು ಮುರಿಯುವುದು ಈ ವಯಸ್ಸಿನ ಸಾವಿನಿಂದ. ದುಡಿಯುವ ಕೈ ಹೋದರೆ ಅದರ ಹಿಂದೆ ಮಕ್ಕಳ ಓದು, ಸಾಲದ ಕಂತು, ಮುದಿ ತಂದೆತಾಯಿಯ ಗಂಜಿ ಎಲ್ಲವೂ ಹೋಗುತ್ತವೆ. 1918ರ ಇನ್‌ಫ್ಲುಯೆಂಜಾ ಕೊಂಡೊಯ್ದದ್ದು ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನೇ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ದೇಶದ ಜನಸಂಖ್ಯೆ ಒಂದು ಗಣತಿಯಿಂದ ಇನ್ನೊಂದಕ್ಕೆ ಇಳಿದದ್ದು ಇಡೀ ಇಪ್ಪತ್ತನೆಯ ಶತಮಾನದಲ್ಲಿ 1911ರಿಂದ 1921ರ ನಡುವೆ ಒಮ್ಮೆ ಮಾತ್ರ.

ಎರಡನೆಯ ಧಾತು 1936ರಲ್ಲಿ ಬಂತು. 1876ರಲ್ಲಿ ಹುಟ್ಟಿದ ಐವರಲ್ಲಿ ಒಬ್ಬರಾದರೂ ಅದನ್ನು ಕಾಣಲು ಉಳಿದಿದ್ದರೆ ಅದೇ ಹೆಚ್ಚು. ಆದರೆ ಈ 1936ರಲ್ಲಿ ಹುಟ್ಟಿದವರ ಹಣೆಬರಹ ಬೇರೆ. ಅವರಿಗೆ ಹದಿನೇಳು ತುಂಬುವ ವೇಳೆಗೆ, 1953ರಲ್ಲಿ, ತುಂಗಭದ್ರೆಯ ನೀರು ಕಾಲುವೆಗೆ ಬಂತು. ಆ ವರ್ಷವೇ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಹಳ್ಳಿಮನೆಗಳ ಗೋಡೆಗೆ ಡಿಡಿಟಿ ಬಿತ್ತು. ಅದೇ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಕ್ಷಯಕ್ಕೆ ಔಷಧ ಬಂತು, ಸಿಡುಬು ಹೋಯಿತು. 1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆಯಿತು. ಮಳೆ ಕೈಕೊಟ್ಟ ವರ್ಷಗಳು ಆಮೇಲೂ ಬಂದವು. ಜನ ಗುಳೆ ಹೋದರು, ಸಾಲ ಮಾಡಿದರು, ಆದರೆ ಧಾತುವಿನ ಹಾಗೆ ಊರಿಗೆ ಊರೇ ಬರಿದಾಗಲಿಲ್ಲ.

ನೀರು ಬಂದ ಮೇಲೆ ಊಟವೂ ಬದಲಾಯಿತು. ಸಿರುಗುಪ್ಪ, ಕುರುಗೋಡುಗಳ ಎರೆ ಹೊಲಗಳಲ್ಲಿ ಜೋಳ, ನವಣೆ, ಹತ್ತಿ ಇದ್ದ ಕಡೆ ಭತ್ತ ನಿಂತಿತು. ಒಂದು ಕಾಲಕ್ಕೆ ಅನ್ನವೆಂದರೆ ಹಬ್ಬದ ಊಟ, ದಿನದ ಊಟ ರೊಟ್ಟಿ. ಈಗ ರೊಟ್ಟಿಗೆ ಖಾನಾವಳಿ ಹುಡುಕುವ ಕಾಲ. ಹಸಿವನ್ನು ಗೆದ್ದದ್ದು ಅಕ್ಕಿಯೇ ಎಂಬುದನ್ನು ಮರೆಯಬಾರದು. ಆದರೂ ಮೈಬಗ್ಗಿಸಿ ದುಡಿಯುವುದು ಕಡಿಮೆಯಾಗಿ, ತಟ್ಟೆಯಲ್ಲಿ ಮೂರು ಹೊತ್ತೂ ಬಿಳಿ ಅನ್ನವೇ ಉಳಿದಾಗ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ಬಂದು ನಿಲ್ಲುತ್ತದೆ ಎಂದು ವೈದ್ಯರು ಎಚ್ಚರಿಸುತ್ತಲೇ ಇದ್ದಾರೆ.

1996ರಲ್ಲಿ ಮೂರನೆಯ ಧಾತು ಬಂದಾಗ ಭಾರತೀಯರ ಸರಾಸರಿ ಆಯುಷ್ಯ 60 ದಾಟಿತ್ತು. ಎರಡನೆಯ ಧಾತುವಿನ ಮಕ್ಕಳು ಅದನ್ನು ದೊಡ್ಡ ಸಂಖ್ಯೆಯಲ್ಲೇ ಕಂಡರು. ಷಷ್ಟ್ಯಬ್ದಿಯ ಅಪರೂಪತನ ಮುಗಿಯಿತು ಎನ್ನಬಹುದು. ಈಗ ಸರಾಸರಿ 70ರ ಸಮೀಪದಲ್ಲಿದೆ.

ಅಷ್ಟಕ್ಕೇ ಸಮಾಧಾನಪಟ್ಟರೆ ತಪ್ಪಾದೀತು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂದಾಜಿನಂತೆ ಭಾರತದಲ್ಲಿ ಹದಿನೈದು ಮುಟ್ಟಿದ ಗಂಡಸರಲ್ಲಿ ಐವರಿಗೆ ಒಬ್ಬ ಅರವತ್ತಕ್ಕೆ ಮೊದಲೇ ಸಾಯುತ್ತಾನೆ. ಹೆಂಗಸರಲ್ಲಿ ಏಳು ಜನಕ್ಕೆ ಒಬ್ಬಳು. ಜಪಾನಿನ ಗಂಡಸರಲ್ಲಿ ಇದು ಹದಿನೈದಕ್ಕೆ ಒಬ್ಬ. ಈ ಅಂಕಿ ತಾನಾಗಿ ಇಳಿಯುವಂಥದೂ ಅಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾದಲ್ಲಿ ಕೆಲಸ ಹೋಗಿ, ಕುಡಿತ ಏರಿ, 1994ರ ಹೊತ್ತಿಗೆ ಗಂಡಸರ ಸರಾಸರಿ ಆಯುಷ್ಯ 58ಕ್ಕಿಂತ ಕೆಳಗಿಳಿಯಿತು. ಯುದ್ಧವಿಲ್ಲ, ಬರವಿಲ್ಲ, ಆದರೂ ನಡುವಯಸ್ಸಿನವರು ಸಾಲುಸಾಲಾಗಿ ಸತ್ತರು. ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಇಂಥದೇ ಪೆಟ್ಟು ಬಿದ್ದದ್ದು ಎಚ್‌ಐವಿಯಿಂದ. 2004ರಲ್ಲಿ ಸರ್ಕಾರ ಉಚಿತ ಔಷಧ ಕೊಡತೊಡಗುವ ತನಕ ಅದು ಆರಿಸಿಕೊಂಡದ್ದು ದುಡಿಯುವ ವಯಸ್ಸಿನವರನ್ನೇ. ಎಷ್ಟೋ ಮನೆಗಳಲ್ಲಿ ಅಜ್ಜಿ ಮತ್ತು ಮೊಮ್ಮಕ್ಕಳು ಉಳಿದು ನಡುವಿನವರು ಇಲ್ಲವಾದರು. 2021ರಲ್ಲಿ ಕೋವಿಡ್ ಎರಡನೆಯ ಅಲೆ ಬಂದಾಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆಮ್ಲಜನಕ ನಂಬಿ ಅಲ್ಲೇ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಆ ಎರಡು ವರ್ಷಗಳಲ್ಲಿ ಜಗತ್ತಿನ ಸರಾಸರಿ ಆಯುಷ್ಯ ಸುಮಾರು 1.8 ವರ್ಷದಷ್ಟು ಕುಸಿಯಿತು.

ಈಗಿನ ನಡುವಯಸ್ಸಿನ ಸಾವುಗಳಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೃದಯ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಶ್ವಾಸಕೋಶ. ಅವುಗಳ ಬೆನ್ನಿಗೆ ಬೀಡಿ, ಗುಟ್ಕಾ, ಸಾರಾಯಿ, ಅಪಘಾತ. ಭಾರತದಲ್ಲಿ ಇಂದು ಆಗುವ ನೂರು ಸಾವುಗಳಲ್ಲಿ ಅರವತ್ತಕ್ಕಿಂತ ಹೆಚ್ಚು ಅಂಟದ ರೋಗಗಳವು. ಇಂಥ ರೋಗದಲ್ಲಿ ದೂರವೂ ಕೊಲ್ಲುತ್ತದೆ. ಕುರುಗೋಡು ಈಗ ತಾಲ್ಲೂಕು ಕೇಂದ್ರ, ಸಿರುಗುಪ್ಪ ಮೊದಲಿನಿಂದಲೂ ಹೌದು. ಆದರೂ ನಡುರಾತ್ರಿ ಎದೆನೋವು ಬಂದರೆ ನೆನಪಾಗುವುದು ಬಳ್ಳಾರಿಯೇ. ಕುರುಗೋಡಿನಿಂದ ಸುಮಾರು 30 ಕಿಲೋಮೀಟರು, ಸಿರುಗುಪ್ಪದಿಂದ ಸುಮಾರು 55. ಹೃದಯದ ರಕ್ತನಾಳ ಕಟ್ಟಿಕೊಂಡವನಿಗೆ ಆ ಒಂದು ಗಂಟೆಯೇ ಆಯುಷ್ಯ.

ಇನ್ನು ದಾಟಿದವರ ಮಾತು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಅರವತ್ತು ದಾಟಿದವರು ಶೇಕಡಾ 9.5, ಕೇರಳದಲ್ಲಿ 12.6. ಸಮಾಜಕ್ಕೆ ವಯಸ್ಸಾಗುವುದು ಮುದುಕರು ಹೆಚ್ಚು ಕಾಲ ಬದುಕುವುದರಿಂದ ಎಂಬುದು ಅರ್ಧ ಸತ್ಯ. ಅದಕ್ಕಿಂತ ದೊಡ್ಡ ಕಾರಣ ತೊಟ್ಟಿಲುಗಳು ಕಡಿಮೆಯಾಗುವುದು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ಇದ್ದ ಒಂದೆರಡು ಮಕ್ಕಳೂ ಕೆಲಸಕ್ಕೆಂದು ಬೆಂಗಳೂರಿಗೆ ಹೋದರೆ, ಅಂಕಿಅಂಶದಲ್ಲಿ ಜಿಲ್ಲೆ ಎಳೆಯದಾಗಿ ಕಂಡರೂ ಹಳ್ಳಿಯ ಕಟ್ಟೆಯ ಮೇಲೆ ಉಳಿಯುವವರು ವಯಸ್ಸಾದವರೇ.

ಉಳಿದವರು ಹೇಗಿದ್ದಾರೆ ಎಂಬುದು ಬೇರೆಯೇ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ಆಯುಷ್ಯದ ಜೊತೆಗೆ ಆರೋಗ್ಯವಂತ ಆಯುಷ್ಯವನ್ನೂ ಲೆಕ್ಕ ಹಾಕುತ್ತದೆ. 2019ರಲ್ಲಿ ಭಾರತಕ್ಕೆ ಮೊದಲನೆಯದು ಸುಮಾರು 71, ಎರಡನೆಯದು ಸುಮಾರು 60. ನಡುವಿನ ಹತ್ತು ವರ್ಷ ನರಳಾಟದ ಪಾಲು. ಮೂವತ್ತು ನಲವತ್ತು ಹಂಗಾಮು ಕೆಸರು ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚಿದ ಹೆಂಗಸಿನ ಸೊಂಟ, ಮೊಣಕಾಲು ಅರವತ್ತಕ್ಕೆ ಏನು ಹೇಳುತ್ತವೆ ಎಂಬುದನ್ನು ಅವಳನ್ನೇ ಕೇಳಬೇಕು. ಬಳ್ಳಾರಿಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ವಯಸ್ಸಾದ ದೇಹಕ್ಕೆ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಹೆಂಗಸರು ಹೆಚ್ಚು ಕಾಲ ಬದುಕುವುದರಿಂದ, ಮದುವೆಯಲ್ಲಿ ಗಂಡಿನ ವಯಸ್ಸು ಹೆಚ್ಚಿರುವುದರಿಂದ, ಕೊನೆಯ ವರ್ಷಗಳನ್ನು ಒಂಟಿಯಾಗಿ ಕಳೆಯುವವಳೂ ಅವಳೇ.

ಆಸರೆಗೆ ಸರ್ಕಾರದ ಪಿಂಚಣಿ ಉಂಟು. 65 ದಾಟಿದವರಿಗೆಂದು 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ಮೊತ್ತ 2021ರಲ್ಲಿ ತಿಂಗಳಿಗೆ 1,000 ರೂಪಾಯಿಯಿಂದ 1,200ಕ್ಕೆ ಏರಿತು. ಇಲ್ಲಿಗೆ ಬಂದಾಗ ಎಮ್ಮೆ ಕಾಯುತ್ತಿದ್ದ ವರ್ಷದ ಲೆಕ್ಕ ಕೆಲಸಕ್ಕೆ ಬಾರದು, ಕಾಗದದ ಮೇಲೆ ವಯಸ್ಸು ಬೇಕು. ಜನನ ಮರಣ ನೋಂದಣಿ ಕಾಯ್ದೆಯೇ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರಲ್ಲಿ, ಅದೂ ಶಾಲೆಯ ಮೆಟ್ಟಿಲು ಹತ್ತದವರಲ್ಲಿ, ದಾಖಲೆಯಲ್ಲಿರುವ ವಯಸ್ಸು ಯಾರೋ ಗುಮಾಸ್ತರು ಮುಖ ನೋಡಿ ಬರೆದದ್ದು. ಜನಗಣತಿಯಲ್ಲೂ ಅಷ್ಟೆ: 60, 65, 70 ಎಂಬ ದುಂಡು ಸಂಖ್ಯೆಗಳಲ್ಲಿ ಜನ ಗುಂಪುಗೂಡಿ ನಿಲ್ಲುತ್ತಾರೆ, 61, 67ರಲ್ಲಿ ಯಾರೂ ಇಲ್ಲವೇನೋ ಎಂಬಂತೆ. ಇದು ನಮ್ಮೊಬ್ಬರ ಕತೆಯೇನೂ ಅಲ್ಲ. ದೀರ್ಘಾಯುಷ್ಯಕ್ಕೆ ಹೆಸರಾದ ಜಪಾನಿನಲ್ಲಿ 2010ರಲ್ಲಿ ಕಡತ ತಪಾಸಣೆ ಮಾಡಿದಾಗ ನೂರು ದಾಟಿದವರೆಂದು ದಾಖಲಾಗಿದ್ದ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಮಂದಿ ಪತ್ತೆಯೇ ಆಗಲಿಲ್ಲ. ಕೆಲವು ಮನೆಗಳಲ್ಲಿ ಸತ್ತವರ ಪಿಂಚಣಿ ನಡೆದೇ ಇತ್ತು. ಶತಾಯುಷಿಗಳ ಊರಿನ ಗುಟ್ಟೇನೆಂದು ಆಹಾರ, ಗಾಳಿ, ನೀರು ಪರೀಕ್ಷಿಸುವವರು ಮೊದಲು ಅಲ್ಲಿನ ಜನನ ದಾಖಲೆ ಪರೀಕ್ಷಿಸುವುದು ಒಳ್ಳೆಯದು.

ಮೂರನೆಯ ಧಾತುವಿನಲ್ಲಿ ಹುಟ್ಟಿದವರಿಗೆ ಆ ತೊಂದರೆಯಿಲ್ಲ. ಅವರಲ್ಲಿ ಬಹುಪಾಲು ಮಂದಿಗೆ ಶಾಲೆಯ ದಾಖಲೆಯಾದರೂ ಇದೆ. ಅವರೀಗ ಭತ್ತದ ಲಾರಿ ಓಡಿಸುತ್ತಿದ್ದಾರೆ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಯುತ್ತಿದ್ದಾರೆ, ತೋರಣಗಲ್ಲಿನ ಪಾಳಿಗೆ ಬಸ್ ಹತ್ತುತ್ತಿದ್ದಾರೆ. ಮೂವತ್ತು ದಾಟಿದ ಎಲ್ಲರ ರಕ್ತದೊತ್ತಡ, ಸಕ್ಕರೆ ಅಂಶ ಪರೀಕ್ಷಿಸಬೇಕೆಂಬುದು ಸರ್ಕಾರಿ ಆರೋಗ್ಯ ಕೇಂದ್ರಗಳ ನಿಯಮ. ಬಾಯಿ ಕ್ಯಾನ್ಸರ್ ಇದೆಯೇ ಎಂದೂ ನೋಡಬೇಕು. 1996ರವರು ಆ ವಯಸ್ಸಿಗೆ ಬರುವುದು 2026ರಲ್ಲಿ, ಧಾತುವಿಂದ ಧಾತುವಿಗೆ ಸರಿಯಾಗಿ ಅರ್ಧ ದಾರಿಯಲ್ಲಿ.